ಬಿಚ್ಚಿ ಕಲಿತ ವಿಮಾನ: ಲಿಂಡನ್‌ನಿಂದ ಬೆಂಗಳೂರಿಗೆ

 

ದುಡಿಮೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದರು. ನಾನು ಆರಿಸಿಕೊಂಡಿರುವ ವಿಷಯ ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳನ್ನು ರಾಶಿರಾಶಿಯಾಗಿ ತಯಾರಿಸಿದ ಕಥೆ. ಸಾಫ್ಟ್‌ವೇರ್, ಆಸ್ಪತ್ರೆ, ಬ್ಯಾಂಕು, ಔಷಧ ಕಂಪನಿಗಳಲ್ಲಿ ದುಡಿಯುವ ನಮಗೆ ಇದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಎರಡು. ಒಂದು, ಆ ಕಾರ್ಖಾನೆಗಳು ಇದ್ದದ್ದು ನಾವು ದಿನವೂ ಓಡಾಡುವ ರಸ್ತೆಗಳ ಪಕ್ಕದಲ್ಲೇ. ಎರಡು, ಅದೇ ಕಥೆಯ ಇನ್ನೊಂದು ತುದಿ ನಮ್ಮ ಬೆಂಗಳೂರಿನಲ್ಲಿದೆ.

ಮೊದಲು ಲೆಕ್ಕ ನೋಡೋಣ. 1940ರ ಮೇ 16ರಂದು ಅಧ್ಯಕ್ಷ ರೂಸ್‌ವೆಲ್ಟ್ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ನಿಂತು ವರ್ಷಕ್ಕೆ 50,000 ವಿಮಾನ ತಯಾರಿಸುವ ಶಕ್ತಿ ದೇಶಕ್ಕೆ ಬರಬೇಕು ಎಂದರು. ಆಗ ಇಡೀ ದೇಶ ವರ್ಷಕ್ಕೆ ತಯಾರಿಸುತ್ತಿದ್ದದ್ದು ಕೆಲವೇ ಸಾವಿರ. ಕೇಳಿದವರು ನಕ್ಕರು. ಆದರೆ 1944ರ ಒಂದೇ ವರ್ಷದಲ್ಲಿ 96,000ಕ್ಕೂ ಹೆಚ್ಚು ವಿಮಾನಗಳು ಹೊರಬಂದವು. 1940ರಿಂದ 1945ರವರೆಗೆ ಒಟ್ಟು ಸುಮಾರು 3 ಲಕ್ಷ.

ಅದರಲ್ಲಿ ನಮ್ಮ ಸುತ್ತಮುತ್ತಲಿನ ಪಾಲು ದೊಡ್ಡದು. ಲಾಂಗ್ ಐಲ್ಯಾಂಡ್‌ನ ಬೆತ್‌ಪೇಜ್‌ನಲ್ಲಿ ಗ್ರಮ್ಮನ್ ಕಂಪನಿ ಹೆಲ್‌ಕ್ಯಾಟ್ ಎಂಬ ನೌಕಾಪಡೆಯ ವಿಮಾನವನ್ನು 12,275ರಷ್ಟು ತಯಾರಿಸಿತು. ಪಕ್ಕದ ಫಾರ್ಮಿಂಗ್‌ಡೇಲ್‌ನಲ್ಲಿ ರಿಪಬ್ಲಿಕ್ ಕಂಪನಿ ಥಂಡರ್‌ಬೋಲ್ಟ್ ವಿಮಾನಗಳನ್ನು 9,000ಕ್ಕೂ ಹೆಚ್ಚು ಕಟ್ಟಿತು. ನ್ಯೂಜೆರ್ಸಿಯ ಪ್ಯಾಟರ್ಸನ್ ಮತ್ತು ವುಡ್‌ರಿಜ್‌ನಲ್ಲಿ ರೈಟ್ ಕಂಪನಿಯ ಎಂಜಿನ್, ಕಾಲ್ಡ್‌ವೆಲ್‌ನಲ್ಲಿ ಕರ್ಟಿಸ್ ಪ್ರೊಪೆಲರ್. ಲಿಂಡನ್ ಮತ್ತು ಟ್ರೆಂಟನ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರು ಕಾರ್ಖಾನೆಗಳೇ ವಿಮಾನ ಕಾರ್ಖಾನೆಗಳಾದವು.

ಕಾರು ಬೇರೆ, ವಿಮಾನ ಬೇರೆ

ಕಾರು ಮಾಡುವವರಿಗೆ ವಿಮಾನ ಮಾಡುವುದೇನು ಕಷ್ಟ ಎಂದು ಆಗ ಅನೇಕರು ಅಂದುಕೊಂಡಿದ್ದರು. ಆದರೆ ಕಾರಿನ ಕಾರ್ಖಾನೆಯಲ್ಲಿ ಭಾರೀ ಪ್ರೆಸ್ಸುಗಳು ದಪ್ಪ ಉಕ್ಕಿನ ತಗಡನ್ನು ಒಂದೇ ಏಟಿಗೆ ಒತ್ತುತ್ತವೆ. ಮಾದರಿ ಒಮ್ಮೆ ನಿಂತರೆ ವರ್ಷಪೂರ್ತಿ ಅದೇ. ವಿಮಾನದ್ದು ತೆಳು ಅಲ್ಯುಮಿನಿಯಂ ತಗಡು, ಅದನ್ನು ಸಾವಿರಾರು ರಿವೆಟ್‌ಗಳಿಂದ ಹೊಲಿಯಬೇಕು. ಒಂದು ಕಡೆ ರಿವೆಟ್ ಗನ್ ಹಿಡಿದವರು, ತಗಡಿನ ಹಿಂದೆ ಕಬ್ಬಿಣದ ತುಂಡು ಒತ್ತಿ ಹಿಡಿದವರು ಇನ್ನೊಬ್ಬರು. ಹಿಂದಿರುವವರ ಕೈ ಸ್ವಲ್ಪ ಜಾರಿದರೂ ರಿವೆಟ್ ಸೊಟ್ಟಗಾಗುತ್ತದೆ, ಅದನ್ನು ಕೊರೆದು ತೆಗೆದು ಮತ್ತೆ ಹಾಕಬೇಕು. ಸಾಲದ್ದಕ್ಕೆ ಯುದ್ಧರಂಗದಿಂದ ದಿನಕ್ಕೊಂದು ಬೇಡಿಕೆ: ಇಲ್ಲಿ ಕವಚ ಸೇರಿಸಿ, ಅಲ್ಲಿ ಟ್ಯಾಂಕು ಬದಲಿಸಿ. ಪ್ರತಿ ಬದಲಾವಣೆಗೂ ನಕ್ಷೆ ಬದಲಾಗಬೇಕು, ಭಾಗಗಳನ್ನು ಹಿಡಿದಿಡುವ ಜಿಗ್ ಬದಲಾಗಬೇಕು. ಬಿಡುಗಡೆಯ ಹಿಂದಿನ ರಾತ್ರಿ ರಿಕ್ವೈರ್‌ಮೆಂಟ್ ಬದಲಾಗುವ ಸುಖ ಉಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಗ್ರಮ್ಮನ್ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಹೆಲ್‌ಕ್ಯಾಟ್ ವಿಮಾನವನ್ನು ಮೊದಲಿಂದಲೇ ಗಟ್ಟಿಯಾಗಿ, ಕಟ್ಟಲು ಸುಲಭವಾಗುವಂತೆ ರೂಪಿಸಿದರು. ಆಮೇಲೆ ಬದಲಾವಣೆಗಳನ್ನು ಆದಷ್ಟು ಕಡಿಮೆ ಮಾಡಿದರು. ಯುದ್ಧ ಮುಗಿಯುವವರೆಗೂ ಮುಖ್ಯ ಮಾದರಿಗಳು ಎರಡೇ. ಹೊಸ ಶೆಡ್ಡಿಗೆ ಉಕ್ಕು ಸಿಗದಿದ್ದಾಗ, ಮ್ಯಾನ್‌ಹಾಟನ್‌ನಲ್ಲಿ ಆಗ ಕೆಡವುತ್ತಿದ್ದ ಎರಡನೇ ಅವೆನ್ಯೂದ ಮೇಲ್ಸೇತುವೆ ರೈಲಿನ ಹಳೆಯ ತೊಲೆಗಳನ್ನು ಕೊಂಡು ತಂದರು. 1945ರ ಮಾರ್ಚ್ ತಿಂಗಳೊಂದರಲ್ಲೇ ಬೆತ್‌ಪೇಜ್‌ನಿಂದ 600ಕ್ಕೂ ಹೆಚ್ಚು ಹೆಲ್‌ಕ್ಯಾಟ್‌ಗಳು ಹೊರಟವು. ದಿನಕ್ಕೆ 20!

ಕಲಿಸಲೆಂದೇ ಕಟ್ಟಿದ ವಿಮಾನ

ನನಗೆ ಅತಿ ಮುಖ್ಯವಾಗಿ ಕಾಣುವುದು ಲಿಂಡನ್‌ನ ಘಟನೆ. 1 ನಂಬರಿನ ಹೆದ್ದಾರಿಯಲ್ಲಿ ನೆವಾರ್ಕ್ ಕಡೆಗೆ ಹೋಗುವಾಗ ಲಿಂಡನ್‌ನ ಚಿಕ್ಕ ವಿಮಾನನಿಲ್ದಾಣ ಕಾಣುತ್ತದಲ್ಲ, ಅದರ ಎದುರಿಗೇ ಜನರಲ್ ಮೋಟರ್ಸ್ ಕಾರ್ಖಾನೆ ಇತ್ತು. 1937ರಲ್ಲಿ ಶುರುವಾದದ್ದು; ಬ್ಯೂಕ್, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್ ಕಾರು ಮಾಡುತ್ತಿತ್ತು. ಅಮೆರಿಕ ಯುದ್ಧಕ್ಕಿಳಿದ ಮೇಲೆ 1942ರ ಆರಂಭದಲ್ಲಿ ಕಾರು ತಯಾರಿಕೆ ನಿಂತಿತು. ಸಾವಿರಾರು ಜನ ಕೈಕಟ್ಟಿ ಕುಳಿತರು. ಅತ್ತ ಗ್ರಮ್ಮನ್‌ಗೆ ಕೈತುಂಬ ಕೆಲಸ; ಹೆಲ್‌ಕ್ಯಾಟ್‌ಗೆ ಜಾಗ ಬೇಕು, ಹಳೆಯ ವೈಲ್ಡ್‌ಕ್ಯಾಟ್ ಮತ್ತು ಅವೆಂಜರ್ ವಿಮಾನಗಳನ್ನು ಬೇರೆ ಯಾರಾದರೂ ಮಾಡಬೇಕು. ಹಾಗೆ ಲಿಂಡನ್, ಬ್ಲೂಮ್‌ಫೀಲ್ಡ್, ಟ್ರೆಂಟನ್, ನ್ಯೂಯಾರ್ಕಿನ ಟ್ಯಾರಿಟೌನ್ ಮತ್ತು ಮೇರಿಲ್ಯಾಂಡಿನ ಬಾಲ್ಟಿಮೋರ್, ಈ ಐದು ಘಟಕಗಳನ್ನು ಸೇರಿಸಿ ಈಸ್ಟರ್ನ್ ಏರ್‌ಕ್ರಾಫ್ಟ್ ವಿಭಾಗ ಹುಟ್ಟಿತು.

ಕೆಲಸ ಹಸ್ತಾಂತರ ಮಾಡುವುದು ಹೇಗೆ? ನಕ್ಷೆಗಳ ಕಟ್ಟು ಕಳಿಸಿದರು. ನಕ್ಷೆ ಓದಿ ವಿಮಾನ ಕಟ್ಟಲು ಕಾರಿನವರಿಗೆ ಬರಲಿಲ್ಲ. ಅವರ ಭಾಷೆ ಬೇರೆ, ಅಳತೆಯ ರೂಢಿ ಬೇರೆ. ಆಗ ಗ್ರಮ್ಮನ್ ಕೆಲವು ವಿಮಾನಗಳನ್ನು ಬೇರೆಯೇ ರೀತಿಯಲ್ಲಿ ಜೋಡಿಸಿ ಕಳಿಸಿತು. ರಿವೆಟ್ ಹೊಡೆಯುವ ಬದಲು ಪಾರ್ಕರ್-ಕಾಲನ್ ಎಂಬ ಕಂಪನಿಯ ತಾತ್ಕಾಲಿಕ ಸ್ಕ್ರೂಗಳನ್ನು ಹಾಕಿ ನಿಲ್ಲಿಸಿದ ವಿಮಾನ. ಇದನ್ನು ಪಿ-ಕೆ ವಿಮಾನ ಎಂದೇ ಕರೆದರು. ಹಾರಿಸುವುದಕ್ಕಲ್ಲ, ಬಿಚ್ಚುವುದಕ್ಕೆ. ಲಿಂಡನ್‌ನ ಕಾರು ಕೆಲಸಗಾರರು ಅದನ್ನು ಒಂದೊಂದೇ ತಗಡಾಗಿ ಬಿಚ್ಚಿದರು, ಒಳಗೆ ಏನಿದೆ ಎಂದು ಕಣ್ಣಾರೆ ಕಂಡರು, ಮತ್ತೆ ಜೋಡಿಸಿದರು. ಯಾವುದು ಮೊದಲು, ಯಾವುದು ಆಮೇಲೆ, ಯಾರ ಕೈ ಎಲ್ಲಿ ತೂರುತ್ತದೆ ಎಂಬುದು ಹಾಗೆ ತಿಳಿಯಿತು.

ಅದೇ ವರ್ಷ ಮುಗಿಯುವುದರೊಳಗೆ ಲಿಂಡನ್‌ನ ವೈಲ್ಡ್‌ಕ್ಯಾಟ್ ಹಾರಿತು, ಟ್ರೆಂಟನ್‌ನ ಅವೆಂಜರ್ ಕೂಡ ಹಾರಿತು. ಯುದ್ಧ ಮುಗಿಯುವಾಗ ಲಿಂಡನ್ 5,000ಕ್ಕೂ ಹೆಚ್ಚು ವೈಲ್ಡ್‌ಕ್ಯಾಟ್ ಕೊಟ್ಟಿತ್ತು. ಜಗತ್ತಿನಲ್ಲಿ ತಯಾರಾದ ಸುಮಾರು 9,800 ಅವೆಂಜರ್‌ಗಳಲ್ಲಿ 7,500ರಷ್ಟು ಟ್ರೆಂಟನ್‌ನವು. ಕಲಿತವರು ಕಲಿಸಿದವರನ್ನೇ ಮೀರಿಸಿದರು. ನಮ್ಮಲ್ಲಿ ಈಗ ಕೆಟಿ ಎನ್ನುತ್ತೇವೆ, ನಾಲೆಡ್ಜ್ ಟ್ರಾನ್ಸ್‌ಫರ್. ಎರಡು ವಾರ, ಹತ್ತು ಮೀಟಿಂಗು, ಒಂದು ರಾಶಿ ಸ್ಲೈಡು, ಕೊನೆಗೆ ಕಲಿತವರಿಗೂ ಕಲಿಸಿದವರಿಗೂ ಸಮಾಧಾನವಿಲ್ಲ. ನಿಮ್ಮಿಂದ ಕಲಿಯಬೇಕಾದವರಿಗೆ ಸ್ಲೈಡಿನ ಜೊತೆಗೆ ಬಿಚ್ಚಿ ನೋಡಬಹುದಾದ ಒಂದು ವಸ್ತುವನ್ನೂ ಕೊಡಿ ಎಂಬುದು ಲಿಂಡನ್ ಹೇಳುವ ಮೊದಲ ಮಾತು.

ಕೆಲಸ ಮಾಡಿದವರು ಯಾರು

ಈ ಕೈಗಳು ಯಾರವು? ಗ್ರಮ್ಮನ್‌ನಲ್ಲಿ ಉಚ್ಛ್ರಾಯದಲ್ಲಿ 25,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು, ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಮಹಿಳೆಯರು. ಟೆಡ್ಡಿ ಕೆನ್ಯನ್, ಬಾರ್ಬರಾ ಜೇನ್, ಎಲಿಜಬೆತ್ ಹೂಕರ್ ಎಂಬ ಮೂವರು ಮಹಿಳೆಯರು ಲೈನಿನಿಂದ ಆಗತಾನೆ ಇಳಿದ ಹೆಲ್‌ಕ್ಯಾಟ್‌ಗಳನ್ನು ಮೊದಲು ಹಾರಿಸಿ ಪರೀಕ್ಷಿಸುತ್ತಿದ್ದರು.

ಮನೆಯ ಚಿಂತೆ ಹೊತ್ತವರ ಕೈ ರಿವೆಟ್ ಮೇಲೆ ನಿಲ್ಲುವುದಿಲ್ಲ ಎಂಬುದು ಕಂಪನಿಗೆ ಬೇಗ ತಿಳಿಯಿತು. ಮಕ್ಕಳಿಗೆ ಶಿಶುವಿಹಾರ ತೆರೆದರು. ಒಂದು ಹಸಿರು ಗಾಡಿ ಇಟ್ಟರು. ಟಯರ್ ಪಂಕ್ಚರ್ ಆಯಿತೇ, ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನವೇ, ನಲ್ಲಿ ಸೋರುತ್ತಿದೆಯೇ? ಕೆಲಸಗಾರರು ಒಂದು ಮಾತು ಹೇಳಿದರೆ ಸಾಕು, ಹಸಿರು ಗಾಡಿಯವನು ಹೋಗಿ ನೋಡಿಕೊಂಡು ಬರುತ್ತಿದ್ದ. ಇದು ಕಂಪನಿಯ ಧರ್ಮಬುದ್ಧಿ ಮಾತ್ರವಲ್ಲ, ಲೆಕ್ಕಾಚಾರವೂ ಹೌದು. ಒಬ್ಬರು ರಜೆ ಹಾಕಿದರೆ ಲೈನಿನಲ್ಲಿ ಹಿಂದೆ ಮುಂದೆ ಇದ್ದವರೆಲ್ಲ ನಿಲ್ಲಬೇಕು.

ಚಿತ್ರ ಪೂರ್ತಿ ಬೆಳಕಿನದಲ್ಲ. ಕರಿಯ ಜನರನ್ನು ರಕ್ಷಣಾ ಕಾರ್ಖಾನೆಗಳು ಬಾಗಿಲಲ್ಲೇ ತಡೆಯುತ್ತಿದ್ದವು. ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ವಾಷಿಂಗ್ಟನ್‌ಗೆ ಮೆರವಣಿಗೆ ತರುವುದಾಗಿ ಎಚ್ಚರಿಸಿದ ಮೇಲೆ, 1941ರ ಜೂನ್‌ನಲ್ಲಿ ರೂಸ್‌ವೆಲ್ಟ್ ಅಂಥ ಭೇದವನ್ನು ನಿಷೇಧಿಸಿ ಆದೇಶ ಹೊರಡಿಸಿದರು. ಇನ್ನು ನಮ್ಮವರ ಸ್ಥಿತಿ ಹೇಗಿತ್ತು? ಆ ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತಿದ್ದ ವರ್ಷಗಳಲ್ಲಿ ಭಾರತದಿಂದ ಬಂದವರಿಗೆ ಈ ದೇಶದ ಪೌರತ್ವ ಪಡೆಯುವ ದಾರಿಯೇ ಇರಲಿಲ್ಲ. ಬ್ರೂಕ್ಲಿನ್‌ನ ಕಾಂಗ್ರೆಸ್ ಸದಸ್ಯ ಇಮ್ಯಾನುಯೆಲ್ ಸೆಲ್ಲರ್ ಮತ್ತು ಕ್ಲೇರ್ ಬೂತ್ ಲೂಸ್ ತಂದ ಕಾನೂನು 1946ರಲ್ಲಿ ಬಂದ ಮೇಲೆ ಆ ದಾರಿ ತೆರೆಯಿತು. ಅದೂ ವರ್ಷಕ್ಕೆ 100 ವಲಸಿಗರ ಮಿತಿಯೊಂದಿಗೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವ ಗೆಳೆಯರಿಗೆ ಇದರಿಂದ ಸಮಾಧಾನವಾಗಲಿ ಎಂದು ಹೇಳುತ್ತಿಲ್ಲ. ಆ ಸಾಲು ಎಷ್ಟು ಹಳೆಯದು ಎಂದು ತಿಳಿದಿರಲಿ ಎಂದಷ್ಟೇ.

ಕ್ವೀನ್ಸ್ ಪ್ಲಾಜಾದ ಪಾಠ

ಗೆದ್ದವರ ಕಥೆ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಕ್ವೀನ್ಸ್ ಪ್ಲಾಜಾದಲ್ಲಿ ಈಗ ಜೆಟ್‌ಬ್ಲೂ ವಿಮಾನ ಕಂಪನಿಯ ಮುಖ್ಯ ಕಚೇರಿ ಇರುವ ಕಟ್ಟಡ ಆಗ ಬ್ರೂಸ್ಟರ್ ಕಂಪನಿಯ ವಿಮಾನ ಕಾರ್ಖಾನೆ. ಅದು ಬಹುಮಹಡಿ ಕಟ್ಟಡ, ಪಕ್ಕದಲ್ಲಿ ರನ್‌ವೇ ಇಲ್ಲ. ಆಡಳಿತ ಪದೇ ಪದೇ ಬದಲಾಯಿತು, ಕಾರ್ಮಿಕರ ಜೊತೆ ಜಗಳ ನಿಲ್ಲಲಿಲ್ಲ, 1942ರ ಏಪ್ರಿಲ್‌ನಲ್ಲಿ ಸರ್ಕಾರವೇ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಕೋರ್ಸೇರ್ ಎಂಬ ವಿಮಾನವನ್ನು ತಯಾರಿಸುವ ಗುತ್ತಿಗೆ ಬ್ರೂಸ್ಟರ್‌ಗೂ ಸಿಕ್ಕಿತ್ತು, ಓಹಾಯೋದ ಗುಡ್‌ಇಯರ್ ಕಂಪನಿಗೂ ಸಿಕ್ಕಿತ್ತು. ಟಯರ್ ಮಾಡುವ ಗುಡ್‌ಇಯರ್ 4,000ಕ್ಕೂ ಹೆಚ್ಚು ಕೊಟ್ಟಿತು. ವಿಮಾನವನ್ನೇ ಕಸುಬು ಮಾಡಿಕೊಂಡಿದ್ದ ಬ್ರೂಸ್ಟರ್ ಕೊಟ್ಟದ್ದು 735.

1944ರ ಮೇ ತಿಂಗಳಲ್ಲಿ ನೌಕಾಪಡೆ ಗುತ್ತಿಗೆ ರದ್ದು ಮಾಡುವುದಾಗಿ ತಿಳಿಸಿತು. ಸಾವಿರಾರು ಜನರ ಕೆಲಸ ಒಂದೇ ಏಟಿಗೆ ಹೋಗುವುದಿತ್ತು. ಆಗ ಕೆಲಸಗಾರರು ಮನೆಗೆ ಹೋಗಲಿಲ್ಲ. ನಮಗೆ ಕೆಲಸ ಕೊಡಿ ಎಂದು ಕಾರ್ಖಾನೆಯ ಒಳಗೇ ಕುಳಿತರು. ಕೆಲಸ ನಿಲ್ಲಿಸಲು ಮುಷ್ಕರ ಮಾಡುವುದನ್ನು ಕೇಳಿದ್ದೇವೆ. ಇದು ಕೆಲಸ ಬೇಕೆಂದು ಹೂಡಿದ ಮುಷ್ಕರ. ಆದರೂ ಜುಲೈ ಹೊತ್ತಿಗೆ ಎಲ್ಲ ಮುಗಿಯಿತು. ಆಡಳಿತದ ಅವ್ಯವಸ್ಥೆಗೆ ಬೆಲೆ ತೆತ್ತವರು ರಿವೆಟ್ ಹೊಡೆದವರು.

ನ್ಯೂಯಾರ್ಕಿನಿಂದ ಬೆಂಗಳೂರಿಗೆ

ಈಗ ನಮ್ಮೂರಿಗೆ ಬರೋಣ. ನ್ಯೂಯಾರ್ಕಿನ ಇಂಟರ್‌ಕಾಂಟಿನೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯ ವಿಲಿಯಂ ಪಾಲಿ, ಏಷ್ಯಾದ ದೇಶಗಳಿಗೆ ವಿಮಾನ ಮಾರುತ್ತಿದ್ದವರು. ಚೀನಾದಲ್ಲಿ ಅವರದೊಂದು ಜೋಡಣೆಯ ಕಾರ್ಖಾನೆಯೂ ಇತ್ತು. ಅವರಿಗೂ ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರಿಗೂ 1939ರಲ್ಲಿ ಪರಿಚಯವಾಯಿತು. ಭಾರತದಲ್ಲೇ ವಿಮಾನ ಏಕೆ ಮಾಡಬಾರದು ಎಂಬ ಮಾತು ಬೆಳೆಯಿತು. ಜಾಗ ಎಲ್ಲಿ? ಮೈಸೂರು ಸಂಸ್ಥಾನ ಮುಂದೆ ಬಂತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಭೂಮಿ ಕೊಟ್ಟಿತು, ಹಣ ಹೂಡಿತು. ಶಿವನಸಮುದ್ರದ ವಿದ್ಯುತ್ತಿತ್ತು, ವಿಜ್ಞಾನ ಸಂಸ್ಥೆ ಇತ್ತು, ಸಮುದ್ರ ತೀರದಿಂದ ದೂರವಿತ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಯಂತ್ರೋಪಕರಣಗಳನ್ನು ಪಾಲಿ ಅಮೆರಿಕದಿಂದ ತರಿಸಿದರು.

1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಬೆಂಗಳೂರಿನಲ್ಲಿ ಜೋಡಣೆಯಾಗಿ ಹಾರಿದವು. ಆದರೆ ಬೆರಳೆಣಿಕೆಯಷ್ಟೆ. ಅಷ್ಟರಲ್ಲಿ ಬರ್ಮಾ ಜಪಾನಿನ ಕೈಸೇರುತ್ತಿತ್ತು. 1942ರ ಏಪ್ರಿಲ್ 2ರಂದು ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಂಪನಿಯನ್ನು ವಹಿಸಿಕೊಂಡಿತು. ನಾಲ್ಕೇ ದಿನಕ್ಕೆ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿತ್ತು. ಮೈಸೂರು ಸಂಸ್ಥಾನ ಮಾತ್ರ ತನ್ನ ಪಾಲು ಮಾರಲು ಒಪ್ಪಲಿಲ್ಲ, ಆಡಳಿತವನ್ನಷ್ಟೇ ಬಿಟ್ಟುಕೊಟ್ಟಿತು. ಹೊಸ ವಿಮಾನ ತಯಾರಿಸುವ ಯೋಜನೆ ಬದಿಗೆ ಸರಿಯಿತು. ಈಗ ಬೇಕಾದದ್ದು ರಿಪೇರಿ. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಿದರು. ಅದು 84ನೇ ಏರ್ ಡಿಪೋ ಆಯಿತು. ಮೊದಲು ಬಂದದ್ದು ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನ. ಆಮೇಲೆ ಭಾರತ, ಬರ್ಮಾ ಕಡೆ ಹಾರುತ್ತಿದ್ದ ಬಗೆಬಗೆಯ ವಿಮಾನಗಳು ಅಲ್ಲಿಗೆ ಬಂದವು.

ಅದೇ ಕಾಲದಲ್ಲಿ ಯಲಹಂಕದಲ್ಲಿ ಇನ್ನೊಂದು ಸದ್ದು. ಬ್ರಿಟಿಷ್ ವಾಯುಪಡೆಗೆ ಅಮೆರಿಕ 800ಕ್ಕೂ ಹೆಚ್ಚು ಥಂಡರ್‌ಬೋಲ್ಟ್ ಕೊಟ್ಟಿತ್ತು. ಬ್ರಿಟಿಷರು ಅವುಗಳನ್ನು ಯುದ್ಧದಲ್ಲಿ ಬಳಸಿದ್ದು ಬರ್ಮಾದ ಕಡೆಯಲ್ಲಿ. ಪೈಲಟ್‌ಗಳು ಆ ವಿಮಾನಕ್ಕೆ ಕೈ ಪಳಗಿಸಿಕೊಂಡದ್ದು 1944ರಲ್ಲಿ ಯಲಹಂಕದಲ್ಲಿ. ಅಂದರೆ ಫಾರ್ಮಿಂಗ್‌ಡೇಲ್‌ನ ಕೈಗಳು ಹೊಡೆದ ರಿವೆಟ್‌ಗಳು ಈಗ ಏರ್ ಶೋ ನಡೆಯುವ ಆ ಆಕಾಶದಲ್ಲಿ ಹಾರಿದವು.

ಸಂಖ್ಯೆಯಲ್ಲಿ ಬೆಂಗಳೂರು ಬೆತ್‌ಪೇಜ್‌ನ ಒಂದು ದಿನಕ್ಕೂ ಸಮವಲ್ಲ. ಆದರೆ ರಿಪೇರಿಯಲ್ಲಿ ಒಂದು ಗುಣವಿದೆ. ಲೈನಿನಲ್ಲಿ ನಿಂತವರು ದಿನವಿಡೀ ಒಂದೇ ಸಾಲಿನ ರಿವೆಟ್ ಹೊಡೆಯುತ್ತಾರೆ. ಉಳಿದ ವಿಮಾನ ಅವರಿಗೆ ಗೊತ್ತಿರಬೇಕಿಲ್ಲ. ರಿಪೇರಿಗೆ ಬಂದ ವಿಮಾನ ಹಾಗಲ್ಲ. ಒಂದರ ರೆಕ್ಕೆ ಮುರಿದಿರುತ್ತದೆ, ಇನ್ನೊಂದರ ಎಂಜಿನ್ ಸುಟ್ಟಿರುತ್ತದೆ. ಪ್ರತಿಯೊಂದನ್ನೂ ಬಿಚ್ಚಬೇಕು, ತಪ್ಪು ಹುಡುಕಬೇಕು, ಮತ್ತೆ ಜೋಡಿಸಬೇಕು. ಲಿಂಡನ್‌ನವರಿಗೆ ಕೆಲವೇ ಪಿ-ಕೆ ವಿಮಾನ ಸಿಕ್ಕವು. ಬೆಂಗಳೂರಿನವರಿಗೆ ಬಂದ ಪ್ರತಿ ವಿಮಾನವೂ ಪಿ-ಕೆ ವಿಮಾನವೇ.

ಆರ್ಡರ್ ನಿಂತ ದಿನ

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಬೀದಿಯಲ್ಲಿ ಕುಣಿತ, ಕಾರ್ಖಾನೆಯಲ್ಲಿ ಲೇಆಫ್. ಗ್ರಮ್ಮನ್ 20,000ಕ್ಕೂ ಹೆಚ್ಚು ಜನರನ್ನು ಒಮ್ಮೆಗೇ ಮನೆಗೆ ಕಳಿಸಿ, ಆಮೇಲೆ ಸುಮಾರು ಕಾಲುಭಾಗ ಜನರನ್ನು ಮಾತ್ರ ಮರಳಿ ಕರೆಯಿತು. ಮಹಿಳೆಯರಲ್ಲಿ ಹೆಚ್ಚಿನವರಿಗೆ ಆ ಕರೆ ಬರಲಿಲ್ಲ. ಈ ವಿಮಾನಗಳು ಎಲ್ಲೆಲ್ಲೋ ಊರುಗಳನ್ನು ಸುಟ್ಟವು, ಜನರನ್ನು ಕೊಂದವು ಎಂಬುದನ್ನೂ ಮರೆಯಬಾರದು. ಯುದ್ಧ ನಿಂತದ್ದು ಒಳ್ಳೆಯದೇ. ಆದರೆ ಒಳ್ಳೆಯ ಸುದ್ದಿಯ ಮಾರನೆಯ ದಿನ ಬಾಡಿಗೆ ಕಟ್ಟಬೇಕಾದವರ ಗತಿ ಏನು ಎಂಬ ಪ್ರಶ್ನೆಗೆ ಆಗ ಯಾರಲ್ಲೂ ಸಿದ್ಧ ಉತ್ತರವಿರಲಿಲ್ಲ.

ಉಳಿದದ್ದು ಕೈಯ ವಿದ್ಯೆ. ಗ್ರಮ್ಮನ್ ಅದೇ ಅಲ್ಯುಮಿನಿಯಂ, ಅದೇ ರಿವೆಟ್ ಹಿಡಿದು ದೋಣಿ ಮಾಡಿತು; ಮುಂದೆ ಚಂದ್ರನ ಮೇಲೆ ಇಳಿದ ನೌಕೆಯೂ ಬೆತ್‌ಪೇಜ್‌ನಲ್ಲೇ ತಯಾರಾಯಿತು. ಬೆಂಗಳೂರಿನ ಕಾರ್ಖಾನೆ ರೈಲು ಬೋಗಿ ಮಾಡಿತು. ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲೇ ವಿಮಾನಶಾಸ್ತ್ರ ವಿಭಾಗ ಶುರುವಾಗಿತ್ತು, ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ನಮ್ಮದೇ ವಿನ್ಯಾಸದ ತರಬೇತಿ ವಿಮಾನ 1951ರಲ್ಲಿ ಹಾರಿತು. ರೈಲು ಬೋಗಿಯ ವಿಭಾಗ 1964ರಲ್ಲಿ ಬಿಇಎಂಎಲ್ ಆಯಿತು. ನಮ್ಮ ಮೆಟ್ರೋ ರೈಲಿನ ಅನೇಕ ಬೋಗಿಗಳನ್ನು ಕಟ್ಟಿದ್ದೂ ಅದೇ. ಊರಿಗೆ ಹೋದಾಗ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ, ಯುದ್ಧಕಾಲದ ಆ ರಿಪೇರಿ ಶೆಡ್ಡಿನ ವಿದ್ಯೆಯ ಒಂದು ಎಳೆ ನಿಮ್ಮನ್ನು ಹೊತ್ತು ಸಾಗುತ್ತದೆ.

ನಮ್ಮ ಪಾಲಿನ ಕೆಲಸ

ಇಷ್ಟು ಕೇಳಿದ ಮೇಲೆ ನಾವೇನು ಮಾಡಬೇಕು? ಮೂರು ಮಾತು ಮುಂದಿಡುತ್ತೇನೆ.

ಮೊದಲನೆಯದು, ಬಿಚ್ಚಿ ಕಲಿಸುವ ಪಾಠ. ನಮ್ಮ ಕೂಟದಲ್ಲಿ ಹಬ್ಬದ ಊಟಕ್ಕೆ 500 ಜನ ಸೇರುತ್ತೇವೆ. ವರ್ಷಕ್ಕೆ ನಾಲ್ಕು ಶನಿವಾರ, ಒಬ್ಬೊಬ್ಬರು ತಮ್ಮ ಕಸುಬಿನ ಒಂದು ನಿಜವಾದ ಕೆಲಸವನ್ನು ಕಿರಿಯರ ಮುಂದೆ ಬಿಚ್ಚಿ ತೋರಿಸಲಿ. ದಾದಿಯರು, ಅಕೌಂಟೆಂಟರು, ಟ್ರಕ್ ಓಡಿಸುವವರು, ಕೋಡ್ ಬರೆಯುವವರು, ಎಲ್ಲರೂ. ಕನ್ನಡದಲ್ಲೇ. ನಮ್ಮ ಕಸುಬಿನ ಮಾತು ಕನ್ನಡದಲ್ಲಿ ಬೆಳೆಯುವ ದಾರಿಯೂ ಅದೇ.

ಎರಡನೆಯದು, ಒಂದು ಹಸಿರು ಗಾಡಿ. ಲೇಆಫ್ ಆದಾಗ ಎಚ್-1ಬಿ ವೀಸಾದವರಿಗೆ ಹೊಸ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಆ 60 ದಿನದಲ್ಲಿ ಮಕ್ಕಳನ್ನು ಶಾಲೆಯಿಂದ ಕರೆತರುವವರು, ರೆಸ್ಯೂಮೆ ತಿದ್ದುವವರು, ವಕೀಲರ ಹತ್ತಿರ ಕರೆದೊಯ್ಯುವವರು, ಒಂದು ಹೊತ್ತು ಸಾರು ಅನ್ನ ತಂದುಕೊಡುವವರು ಬೇಕು. ಹೆಸರು, ಫೋನ್ ನಂಬರ್ ಇರುವ ಒಂದು ಪಟ್ಟಿ ಸಾಕು, ಅದೇ ನಮ್ಮ ಹಸಿರು ಗಾಡಿ. ಹಕ್ಕುಗಳೂ ತಿಳಿದಿರಲಿ: ದೊಡ್ಡ ಕಂಪನಿಗಳು ಸಾಮೂಹಿಕವಾಗಿ ಜನರನ್ನು ತೆಗೆಯುವಾಗ 90 ದಿನ ಮುಂಚೆ ತಿಳಿಸಬೇಕೆಂದು ನ್ಯೂಯಾರ್ಕ್, ನ್ಯೂಜೆರ್ಸಿ ಎರಡರಲ್ಲೂ ಕಾನೂನಿದೆ. ನ್ಯೂಜೆರ್ಸಿಯಲ್ಲಿ 2023ರಿಂದ ಸೇವೆಯ ಪ್ರತಿ ವರ್ಷಕ್ಕೆ ಒಂದು ವಾರದ ಸಂಬಳವನ್ನೂ ಕೊಡಬೇಕು. ಬ್ರೂಸ್ಟರ್‌ನ ನೆಲದ ಮೇಲೆ ಕುಳಿತವರಿಗೆ ಇಂಥ ಆಸರೆ ಇರಲಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೂರಬೇಡಿ, ಕೇಳಿ.

ಮೂರನೆಯದು, ನೆನಪು. ಇಲ್ಲಿ ಕುಳಿತಿರುವ ಎಷ್ಟೋ ಜನರ ಅಪ್ಪ, ಅಜ್ಜ, ಸೋದರಮಾವ ಎಚ್‌ಎಎಲ್‌ನಲ್ಲೋ ಐಟಿಐನಲ್ಲೋ ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ದುಡಿದವರು. ಅವರ ಪಿಂಚಣಿಯ ಹಣದಿಂದ ನಮ್ಮಲ್ಲಿ ಕೆಲವರ ವಿಮಾನದ ಟಿಕೆಟ್ ಬಂದಿದೆ. ಮುಂದಿನ ಸಲ ಊರಿಗೆ ಹೋದಾಗ ಫೋನಿನ ರೆಕಾರ್ಡರ್ ಒತ್ತಿ ಕೇಳಿ: ಮೊದಲ ದಿನ ಯಾವ ಶಾಪಿಗೆ ಹಾಕಿದರು, ಯಾರು ಕಲಿಸಿದರು, ಏನು ಬಿಚ್ಚಿದಿರಿ, ಏನು ಜೋಡಿಸಿದಿರಿ? ಬೆತ್‌ಪೇಜ್‌ನವರ ನೆನಪಿಗೆ ಗಾರ್ಡನ್ ಸಿಟಿಯಲ್ಲಿ ವಸ್ತುಸಂಗ್ರಹಾಲಯವಿದೆ. ನಮ್ಮವರ ವಿಮಾನಗಳು ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿವೆ. ಅವುಗಳನ್ನು ಕಟ್ಟಿದವರ ಮಾತು ಇನ್ನೂ ಮನೆಗಳಲ್ಲೇ ಇದೆ, ಮತ್ತು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದೆ.

ಪಟ್ಟಿಗೆ ಹೆಸರು ಕೊಡಲು ಹೊರಗಿನ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದಾರೆ. ಊಟಕ್ಕೆ ಹೋಗುವ ಮುಂಚೆ ಅಲ್ಲಿ ಒಂದು ನಿಮಿಷ ನಿಲ್ಲಿ ಎಂದು ಕೇಳಿಕೊಳ್ಳುತ್ತೇನೆ.